ಬಿಸಿಲಿಗೊಂದು ಟಿಕೆಟ್: ಮೆಡಿಟರೇನಿಯನ್ ರಜೆಯ ಹಿಂದಿನ ಕಥೆ



ಜುಲೈ ತಿಂಗಳ ಒಂದು ಬೆಳಿಗ್ಗೆ. ಸ್ಪೇನ್ ದೇಶಕ್ಕೆ ಸೇರಿದ ಮಯೋರ್ಕಾ ದ್ವೀಪದ ಕಡಲ ದಂಡೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆಯಿಂದ ಬಂದ ನಡುವಯಸ್ಸಿನ ಗಂಡ ಹೆಂಡತಿಯನ್ನು ಅಲ್ಲಿ ಕಲ್ಪಿಸಿಕೊಳ್ಳಿ. ಗಂಡ ಬಸ್ ಚಾಲಕ. ಹೆಂಡತಿಗೆ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ. ಇಬ್ಬರೂ ಮೈಗೆ ಲೇಪನ ಹಚ್ಚಿಕೊಂಡು ಆರಾಮ ಕುರ್ಚಿಯ ಮೇಲೆ ಬಿಸಿಲಿಗೆ ಮಲಗಿದ್ದಾರೆ. ಮಧ್ಯಾಹ್ನಕ್ಕೆ ಹೋಟೆಲಿನ ಊಟ, ಸಂಜೆಗೆ ಸಮುದ್ರ ಸ್ನಾನ. ನೋಡಲೇಬೇಕಾದ ಕೋಟೆ ಕೊತ್ತಲಗಳ ಪಟ್ಟಿ ಅವರ ಬಳಿ ಇಲ್ಲ. ಏಳು ದಿನ ಏನೂ ಮಾಡದೆ ಇರುವುದೇ ಅವರ ಕಾರ್ಯಕ್ರಮ. ವಿಮಾನ, ಬಸ್ಸು, ಕೋಣೆ, ಊಟ ಎಲ್ಲಕ್ಕೂ ಸೇರಿಸಿ ಒಂದೇ ಮೊತ್ತವನ್ನು ಅವರು ತಿಂಗಳುಗಳ ಹಿಂದೆಯೇ ಕಟ್ಟಿದ್ದಾರೆ. ಇದಕ್ಕೆ ಪ್ಯಾಕೇಜ್ ಟೂರ್ ಎಂದು ಹೆಸರು.

ಏಪ್ರಿಲ್ ತಿಂಗಳಲ್ಲಿ ನೆರಳು ಹುಡುಕಿಕೊಂಡು ನಡೆಯುವ ರಾಯಚೂರು, ಬಳ್ಳಾರಿಯ ಜನಕ್ಕೆ ಇದು ವಿಚಿತ್ರವಾಗಿ ಕಾಣಬಹುದು. ದುಡ್ಡು ಕೊಟ್ಟು ಯಾರಾದರೂ ಬಿಸಿಲಿಗೆ ಹೋಗಿ ಮಲಗುತ್ತಾರೆಯೇ? ಸುಮಾರು ನೂರು ವರ್ಷಗಳ ಹಿಂದಿನ ತನಕ ಯೂರೋಪಿನ ಜನ ಕೂಡ ಇದೇ ಪ್ರಶ್ನೆ ಕೇಳುತ್ತಿದ್ದರು. ಈ ದಂಪತಿ ಹೀಗೆ ನಿಶ್ಚಿಂತೆಯಿಂದ ಮಲಗಬೇಕಾದರೆ ಅದರ ಹಿಂದೆ ಒಂದು ಕಾನೂನು, ಯುದ್ಧ ಮುಗಿದ ಮೇಲೆ ಮಿಕ್ಕಿದ ವಿಮಾನಗಳು, ಕೆಲಸ ಬಿಟ್ಟ ಒಬ್ಬ ಸುದ್ದಿಸಂಸ್ಥೆಯ ನೌಕರ ಮತ್ತು ಒಬ್ಬ ಹಟಮಾರಿ ಮೇಯರ್ ಇದ್ದಾರೆ. ಇನ್ನೂ ಒಬ್ಬರಿದ್ದಾರೆ. ಅವರ ವಿಷಯ ಕೊನೆಯಲ್ಲಿ ಬರುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಮೆಡಿಟರೇನಿಯನ್ ತೀರ ಚಳಿಗಾಲದ ತಾಣವಾಗಿತ್ತು. ಇಂಗ್ಲೆಂಡ್, ರಷ್ಯಾ ದೇಶಗಳ ಶ್ರೀಮಂತರು ಹಿಮದಿಂದ ತಪ್ಪಿಸಿಕೊಳ್ಳಲು ಫ್ರಾನ್ಸಿನ ನೀಸ್, ಕಾನ್ ಪಟ್ಟಣಗಳಿಗೆ ಬರುತ್ತಿದ್ದರು. ಕ್ಷಯರೋಗಿಗಳನ್ನು ವೈದ್ಯರೇ ಅಲ್ಲಿಗೆ ಕಳುಹಿಸುತ್ತಿದ್ದರು. ವಿಕ್ಟೋರಿಯಾ ರಾಣಿ 1890ರ ದಶಕದಲ್ಲಿ ಹಲವು ಬಾರಿ ನೀಸ್ ನಗರದಲ್ಲಿ ತಂಗಿದ್ದುಂಟು. ಬೇಸಿಗೆ ಬಂತೆಂದರೆ ಹೋಟೆಲುಗಳು ಬಾಗಿಲು ಹಾಕುತ್ತಿದ್ದವು. ಬಿಸಿಲಿಗೆ ಮೈ ಕಪ್ಪಾಗುವುದು ಹೊಲದಲ್ಲಿ ದುಡಿಯುವವರ ಗುರುತು. ದೊಡ್ಡ ಮನೆತನದ ಹೆಂಗಸರು ಕೊಡೆ ಹಿಡಿದೇ ಹೊರಗೆ ಕಾಲಿಡುತ್ತಿದ್ದರು. 1920ರ ದಶಕದಲ್ಲಿ ಈ ಅಭಿರುಚಿ ತಲೆಕೆಳಗಾಯಿತು. ಆ ವೇಳೆಗೆ ದುಡಿಯುವ ಜನ ಹೊಲ ಬಿಟ್ಟು ಕಾರ್ಖಾನೆ ಸೇರಿ ಬಿಳುಚಿಕೊಂಡಿದ್ದರು. ಕಂದು ಬಣ್ಣಕ್ಕೆ ತಿರುಗಿದ ಮೈ ಬಿಡುವು ಉಳ್ಳವರ ಗುರುತಾಯಿತು. ಸೂರ್ಯಕಿರಣದಿಂದ ಆರೋಗ್ಯವೆಂಬ ವೈದ್ಯರ ಮಾತೂ ಇದಕ್ಕೆ ಜೊತೆಗೂಡಿತು.

ಆದರೆ ಬಿಸಿಲು ಬೇಕೆಂದರೆ ಸಾಕೆ? ಬಿಡುವು ಬೇಕು, ಹಣ ಬೇಕು. ಇಂಗ್ಲೆಂಡಿನ ಲ್ಯಾಂಕಶೈರ್ ಪ್ರಾಂತದ ಹತ್ತಿ ಗಿರಣಿಗಳು ವರ್ಷಕ್ಕೊಮ್ಮೆ ಊರಿಗೆ ಊರೇ ಒಟ್ಟಾಗಿ ಬಾಗಿಲು ಮುಚ್ಚುತ್ತಿದ್ದವು. ಆ ವಾರ ಕಾರ್ಮಿಕರು ರೈಲು ಹತ್ತಿ ಬ್ಲ್ಯಾಕ್‌ಪೂಲ್ ಕಡಲತೀರಕ್ಕೆ ಹೋಗುತ್ತಿದ್ದರು. ಆದರೆ ರಜೆಯ ವಾರಕ್ಕೆ ಸಂಬಳವಿರಲಿಲ್ಲ. ವರ್ಷವಿಡೀ ಚೀಟಿ ಕಟ್ಟಿದಂತೆ ಸ್ವಲ್ಪ ಸ್ವಲ್ಪ ಕೂಡಿಡಬೇಕಿತ್ತು. 1936ರಲ್ಲಿ ಫ್ರಾನ್ಸಿನ ಲಿಯೋ ಬ್ಲೂಮ್ ಸರ್ಕಾರ ಕಾರ್ಮಿಕರಿಗೆ ಎರಡು ವಾರಗಳ ಸಂಬಳ ಸಹಿತ ರಜೆಯನ್ನು ಕಾನೂನು ಮಾಡಿತು. 1938ರಲ್ಲಿ ಬ್ರಿಟನ್ ಕೂಡ ಸಂಬಳ ಸಹಿತ ರಜೆಯ ಕಾಯಿದೆ ತಂದಿತು. ಮರುವರ್ಷವೇ ಮಹಾಯುದ್ಧ ಆರಂಭವಾದ್ದರಿಂದ ಅದರ ಪೂರ್ಣ ಫಲ ಜನರಿಗೆ ದೊರೆತದ್ದು ಯುದ್ಧ ಮುಗಿದ ಬಳಿಕ.

ಜನರನ್ನು ಒಟ್ಟುಗೂಡಿಸಿ ಅಗ್ಗದಲ್ಲಿ ಕರೆದೊಯ್ಯುವ ಉಪಾಯ ಆ ಹೊತ್ತಿಗೆ ಹಳೆಯದಾಗಿತ್ತು. 1841ರ ಜುಲೈ 5ರಂದು ಥಾಮಸ್ ಕುಕ್ ಎಂಬ ಪಾನನಿಷೇಧ ಪ್ರಚಾರಕ ಸುಮಾರು 500 ಜನರನ್ನು ತಲಾ ಒಂದು ಷಿಲಿಂಗಿಗೆ ವಿಶೇಷ ರೈಲಿನಲ್ಲಿ ಲೆಸ್ಟರ್‌ನಿಂದ ಲಫ್‌ಬರೋಗೆ ಕರೆದೊಯ್ದಿದ್ದ. ಹೆಂಡ ಬಿಡಿಸುವ ಸಭೆಗೆಂದು ಹೊರಟ ಆ ರೈಲೇ ಮುಂದೆ ಜಗತ್ಪ್ರಸಿದ್ಧವಾದ ಪ್ರವಾಸ ಕಂಪನಿಗೆ ನಾಂದಿಯಾಯಿತು. ಆದರೆ ಕುಕ್ ಕಂಪನಿಯ ಪರದೇಶ ಪ್ರವಾಸಗಳು ಹೆಚ್ಚಾಗಿ ಮಧ್ಯಮ ವರ್ಗದವರಿಗೇ ಮೀಸಲಾಗಿ ಉಳಿದವು.

ವಿಮಾನದ ರಜೆಯನ್ನು ಸಾಮಾನ್ಯರ ಬಳಿಗೆ ತಂದವರು ವ್ಲಾದಿಮಿರ್ ರೈಟ್ಸ್. ಮಾಸ್ಕೋದಲ್ಲಿ ಹುಟ್ಟಿ ಲಂಡನ್ನಿನಲ್ಲಿ ಓದಿದ ಅವರು ರಾಯಿಟರ್ಸ್ ಸುದ್ದಿಸಂಸ್ಥೆಯಲ್ಲಿ ಕೆಲಸದಲ್ಲಿದ್ದರು. 1949ರಲ್ಲಿ ರಜೆ ಕಳೆಯಲು ಕಾರ್ಸಿಕಾ ದ್ವೀಪದ ಕಾಲ್ವಿ ಎಂಬ ಊರಿಗೆ ಹೋದಾಗ, ಇಲ್ಲಿಗೆ ಇಂಗ್ಲೆಂಡಿನಿಂದ ನೇರವಾಗಿ ಜನರನ್ನು ಕರೆತಂದರೆ ಹೇಗೆ ಎಂಬ ಯೋಚನೆ ಅವರಿಗೆ ಬಂತು. ಹರೈಜನ್ ಎಂಬ ಕಂಪನಿ ಕಟ್ಟಿದರು. ಸರ್ಕಾರಿ ವಿಮಾನ ಸಂಸ್ಥೆಗೆ ಪೆಟ್ಟು ಬೀಳಬಾರದೆಂದು ಅಧಿಕಾರಿಗಳು ತಿಂಗಳುಗಟ್ಟಲೆ ಸತಾಯಿಸಿದರು. ಕೊನೆಗೆ ವಿದ್ಯಾರ್ಥಿಗಳನ್ನು ಮತ್ತು ಶಿಕ್ಷಕರನ್ನು ಮಾತ್ರ ಕರೆದೊಯ್ಯಬಹುದು ಎಂಬ ಷರತ್ತಿನ ಮೇಲೆ ಅನುಮತಿ ಸಿಕ್ಕಿತು.

1950ರ ಮೇ ತಿಂಗಳಲ್ಲಿ ಮೊದಲ ಡಕೋಟಾ ವಿಮಾನ ಹಾರಿತು. ವಿಮಾನ ಪ್ರಯಾಣ, ಎರಡು ವಾರಗಳ ವಾಸ, ಊಟ ಎಲ್ಲ ಸೇರಿ 32 ಪೌಂಡ್ 10 ಷಿಲಿಂಗ್. ಆ ಕಾಲದಲ್ಲಿ ನೀಸ್ ನಗರಕ್ಕೆ ಹೋಗಿ ಬರುವ ಮಾಮೂಲು ವಿಮಾನದ ಟಿಕೆಟ್ಟೊಂದೇ ಇದರ ಎರಡರಷ್ಟಿತ್ತು. ವಾಸಕ್ಕೆ ಸಿಕ್ಕಿದ್ದು ಸೈನ್ಯದವರು ಬಿಟ್ಟ ಡೇರೆಗಳು. ಆದರೂ ಜನ ಬಂದರು. ದಿನಕ್ಕೆರಡು ಸಲ ಮಾಂಸದ ಊಟ ಎಂಬ ಜಾಹೀರಾತೂ ಇದಕ್ಕೆ ಒಂದು ಕಾರಣ. ಬ್ರಿಟನ್ನಿನಲ್ಲಿ ಮಾಂಸದ ಪಡಿತರ 1954ರವರೆಗೂ ಜಾರಿಯಲ್ಲಿತ್ತು ಎಂಬುದನ್ನು ನೆನೆದರೆ ಈ ಆಮಿಷದ ಬೆಲೆ ಅರ್ಥವಾದೀತು.

ಇಷ್ಟು ಅಗ್ಗ ಹೇಗೆ ಸಾಧ್ಯವಾಯಿತು? ಮದುವೆ ದಿಬ್ಬಣಕ್ಕೆ ಬಸ್ಸು ಗೊತ್ತುಮಾಡಿದವರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ. ಬಸ್ಸಿನ ಬಾಡಿಗೆ ಹತ್ತು ಜನಕ್ಕೂ ಅಷ್ಟೆ, ಐವತ್ತು ಜನಕ್ಕೂ ಅಷ್ಟೆ. ತುಂಬಿದಷ್ಟೂ ತಲೆಗೆ ಬೀಳುವ ಖರ್ಚು ಕಡಿಮೆ. ಟೂರ್ ಕಂಪನಿ ಇಡೀ ವಿಮಾನವನ್ನು ಇಡೀ ಋತುವಿಗೆ ಬಾಡಿಗೆಗೆ ಹಿಡಿಯುತ್ತದೆ. ಒಂದು ತಂಡವನ್ನು ಇಳಿಸಿದ ವಿಮಾನವೇ ಹಿಂದಿನ ತಂಡವನ್ನು ಹತ್ತಿಸಿಕೊಂಡು ಮರಳುತ್ತದೆ. ಖಾಲಿ ಹಾರಾಟ ಎರಡೇ: ಮೊದಲ ಸಲ ಬರುವಾಗ, ಕೊನೆಯ ಸಲ ಹೋಗುವಾಗ. ಹೋಟೆಲಿನ ಕೋಣೆಗಳನ್ನೂ ಹೀಗೆಯೇ ಸಗಟಾಗಿ ಮೊದಲೇ ಹಿಡಿದಿಡಲಾಗುತ್ತದೆ. 1960ರ ದಶಕದಲ್ಲಿ ಜೆಟ್ ವಿಮಾನಗಳು ಬಂದ ಮೇಲೆ ಆಸನಗಳು ಹೆಚ್ಚಿದವು, ಪ್ರಯಾಣದ ಹೊತ್ತು ಇಳಿಯಿತು, ದರವೂ ಇಳಿಯಿತು.

ಈ ಜನಪ್ರವಾಹ ಹೆಚ್ಚಾಗಿ ತಿರುಗಿದ್ದು ಸ್ಪೇನ್ ಕಡೆಗೆ. ಆಗ ಅಲ್ಲಿ ಜನರಲ್ ಫ್ರಾಂಕೋನ ಸರ್ವಾಧಿಕಾರ. ಅಂತರ್ಯುದ್ಧದಿಂದ ಸೋತು ಸುಣ್ಣವಾಗಿದ್ದ ದೇಶಕ್ಕೆ ವಿದೇಶಿ ವಿನಿಮಯ ಬೇಕಾಗಿತ್ತು. 1959ರಲ್ಲಿ ಪೆಸೆಟಾ ನಾಣ್ಯದ ಬೆಲೆ ಇಳಿಸಿ ಒಂದು ಡಾಲರಿಗೆ 60 ಪೆಸೆಟಾ ಎಂದು ನಿಗದಿ ಮಾಡಲಾಯಿತು. ಕೂಲಿ ಕಡಿಮೆ, ಬಿಸಿಲು ಧಾರಾಳ. ಹೊರಗಿನವರಿಗೆ ಎಲ್ಲವೂ ಅಗ್ಗವಾಯಿತು.

ಬೆನಿಡಾರ್ಮ್ ಎಂಬ ಊರಿನ ಕಥೆ ಈ ಕಾಲಕ್ಕೆ ಹಿಡಿದ ಕನ್ನಡಿ. 1950ರ ಸುಮಾರಿಗೆ ಅದು ಮೂರು ಸಾವಿರದಷ್ಟು ಜನರ ಬೆಸ್ತರ ಹಳ್ಳಿ. ಅಲ್ಲಿನ ಮೇಯರ್ ಪೆದ್ರೊ ಸರಗೋಸಾ ಊರನ್ನು ಪ್ರವಾಸಿ ಕೇಂದ್ರ ಮಾಡಲು ಪಣತೊಟ್ಟರು. ವಿದೇಶಿ ಮಹಿಳೆಯರು ಬಿಕಿನಿ ತೊಟ್ಟು ದಂಡೆಯಲ್ಲಿ ಓಡಾಡಲು ಅವರು ಒಪ್ಪಿಗೆ ಕೊಟ್ಟದ್ದು ಕ್ಯಾಥೊಲಿಕ್ ಧರ್ಮಗುರುಗಳ ಕಣ್ಣು ಕೆಂಪಾಗಿಸಿತು. ಧರ್ಮದಿಂದ ಬಹಿಷ್ಕರಿಸುವ ಬೆದರಿಕೆ ಬಂತು. ಆಗ ವೆಸ್ಪಾ ಸ್ಕೂಟರ್ ಏರಿ ನೂರಾರು ಕಿಲೋಮೀಟರ್ ದೂರದ ಮ್ಯಾಡ್ರಿಡ್‌ಗೆ ಹೋಗಿ ಸ್ವತಃ ಫ್ರಾಂಕೋನನ್ನೇ ಕಂಡು ಬೆಂಬಲ ಪಡೆದೆ ಎಂದು ಸರಗೋಸಾ ಹೇಳಿಕೊಳ್ಳುತ್ತಿದ್ದರು. ಕಥೆಗೆ ಉಪ್ಪು ಖಾರ ಎಷ್ಟು ಸೇರಿದೆಯೋ, ಊರಂತೂ ಬೆಳೆಯಿತು. 1956ರಲ್ಲಿ ನಗರ ಯೋಜನೆ ಸಿದ್ಧವಾಯಿತು. 1967ರಲ್ಲಿ ಹತ್ತಿರದ ಅಲಿಕಾಂತೆಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಬಲೆ ಒಣಗಿಸುತ್ತಿದ್ದ ಜಾಗದಲ್ಲಿ ಮುಗಿಲು ಮುಟ್ಟುವ ಹೋಟೆಲುಗಳು ಎದ್ದವು. ಸ್ಪೇನಿಗೆ ಬಂದ ವಿದೇಶಿಯರು 1960ರಲ್ಲಿ ಸುಮಾರು 60 ಲಕ್ಷ. 1973ರಲ್ಲಿ ಮೂರು ಕೋಟಿಗೂ ಅಧಿಕ. 2024ರಲ್ಲಿ ಒಂಬತ್ತು ಕೋಟಿಯನ್ನೂ ದಾಟಿತು.

ದಂಪತಿಯ ಪಾಲಿಗೆ ಇದರ ಅರ್ಥವೇನು? ಹಿಂದೆ ಬ್ಲ್ಯಾಕ್‌ಪೂಲಿನ ವಸತಿಮನೆಗಳಲ್ಲಿ ಎಷ್ಟೋ ಕುಟುಂಬಗಳು ದಿನಸಿಯನ್ನು ತಾವೇ ಕೊಂಡು ತರಬೇಕಿತ್ತು. ಮನೆಯೊಡತಿ ಅದನ್ನು ಬೇಯಿಸಿ ಕೊಡುತ್ತಿದ್ದಳು. ಹೆಂಡತಿಯ ತಲೆಯಿಂದ ಸಂಸಾರದ ಲೆಕ್ಕ ಇಳಿಯುತ್ತಿರಲಿಲ್ಲ. ಪ್ಯಾಕೇಜ್ ರಜೆಯಲ್ಲಿ ಊಟದ ಚಿಂತೆಯಿಲ್ಲ, ಪಾತ್ರೆ ತೊಳೆಯುವುದಿಲ್ಲ, ಹಾಸಿಗೆ ಮಡಿಸುವುದಿಲ್ಲ. ಭಾಷೆ ಬಾರದ ದೇಶದಲ್ಲಿ ಮೋಸ ಹೋಗುವ ಭಯವೂ ಇಲ್ಲ. ಕಂಪನಿಯ ಪ್ರತಿನಿಧಿ ವಿಮಾನ ನಿಲ್ದಾಣದಲ್ಲೇ ಕಾದಿರುತ್ತಾನೆ. ಕೂಲಿ ಮಾಡಿ ಬದುಕುವ ಹೆಂಗಸೊಬ್ಬಳು ಏಳು ದಿನ ಕೂತಲ್ಲಿಗೆ ತಟ್ಟೆ ಬರುವ ಸುಖ ಕಂಡದ್ದು ಸಣ್ಣ ಸಂಗತಿಯಲ್ಲ. ಕುರಿಮಂದೆಯಂತೆ ಹೋಗಿ ಬರುವವರು ಎಂದು ಈ ಪ್ರವಾಸಿಗರನ್ನು ಗೇಲಿ ಮಾಡುವವರು ಇದನ್ನು ಮರೆಯುತ್ತಾರೆ.

ಆದರೆ ಅಗ್ಗದ ವ್ಯವಹಾರದಲ್ಲಿ ಲಾಭದ ಅಂಚು ತೆಳು. ಎಣ್ಣೆ ಬೆಲೆ ಏರಿದರೆ, ಆಸನ ಖಾಲಿ ಉಳಿದರೆ ಕಂಪನಿ ಮುಗ್ಗರಿಸುತ್ತದೆ. 1974ರ ಆಗಸ್ಟ್‌ನಲ್ಲಿ ಬ್ರಿಟನ್ನಿನ ಕೋರ್ಟ್ ಲೈನ್ ಸಮೂಹ ಕುಸಿದಾಗ ಹತ್ತಾರು ಸಾವಿರ ಜನ ಪರದೇಶದಲ್ಲಿ ಸಿಕ್ಕಿಕೊಂಡರು. ಕಂಪನಿ ಮುಳುಗಿದರೂ ಪ್ರವಾಸಿಗರನ್ನು ಮನೆಗೆ ತಲುಪಿಸುವ ರಕ್ಷಣಾ ನಿಧಿ ಬಲಗೊಂಡದ್ದು ಆ ಪಾಠದಿಂದ. 2019ರ ಸೆಪ್ಟೆಂಬರ್ 23ರಂದು ಥಾಮಸ್ ಕುಕ್ ಕಂಪನಿಯೇ ಬಾಗಿಲು ಹಾಕಿತು. 178 ವರ್ಷಗಳ ಹೆಸರು. ಬ್ರಿಟಿಷ್ ಸರ್ಕಾರ ಸುಮಾರು ಒಂದೂವರೆ ಲಕ್ಷ ಜನರನ್ನು ವಿಮಾನಗಳಲ್ಲಿ ವಾಪಸು ತರಬೇಕಾಯಿತು. 1881ರಲ್ಲಿ ಮುಂಬಯಿಯಲ್ಲಿ ಕಚೇರಿ ತೆರೆದಿದ್ದ ಇದೇ ಹೆಸರಿನ ಭಾರತೀಯ ಕಂಪನಿ 2012ರಲ್ಲೇ ಬೇರೆ ಒಡೆತನಕ್ಕೆ ಹೋಗಿದ್ದರಿಂದ ಆ ಕುಸಿತದಿಂದ ಪಾರಾಯಿತು. ಬಾಡಿಗೆ ವಿಮಾನದ ಈ ಪದ್ಧತಿ 1980ರ ದಶಕದಲ್ಲೇ ಕಾರವಾರದ ಪಕ್ಕದ ಗೋವಾಕ್ಕೂ ಬಂದಿತ್ತು. ನೀರು, ದಂಡೆ, ಭೂಮಿ ಯಾರಿಗೆ ಎಂಬ ಜಗಳವೂ ಅದರ ಬೆನ್ನಿಗೇ ಬಂದಿತ್ತು.

ಆ ಜಗಳ ಮೆಡಿಟರೇನಿಯನ್ ತೀರದಲ್ಲಿ ಇನ್ನೂ ಮುಗಿದಿಲ್ಲ. 1978ರ ಬರಗಾಲದಲ್ಲಿ ಬೆನಿಡಾರ್ಮ್ ಊರಿಗೆ ಕುಡಿಯುವ ನೀರನ್ನು ಹಡಗಿನಲ್ಲಿ ತರಬೇಕಾಯಿತು. 2024ರ ಜುಲೈನಲ್ಲಿ ಬಾರ್ಸಿಲೋನಾದಲ್ಲಿ ಮೆರವಣಿಗೆ ಹೊರಟವರಲ್ಲಿ ಕೆಲವರು ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಚಿಮ್ಮಿಸಿದರು. ಅದೇ ತಿಂಗಳು ಮಯೋರ್ಕಾದ ಪಾಲ್ಮಾದಲ್ಲಿ ಸಾವಿರಾರು ಜನ ಬೀದಿಗಿಳಿದರು. ಮನೆಗಳೆಲ್ಲ ಪ್ರವಾಸಿಗರ ಬಾಡಿಗೆಗೆ ಹೋದರೆ ಊರಿನವರು ಎಲ್ಲಿರಬೇಕು ಎಂಬುದು ಅವರ ಪ್ರಶ್ನೆ. ಆದರೆ ಬರುವವರೇ ನಿಂತುಹೋದರೆ ಉಣ್ಣುವುದೇನು ಎಂಬುದಕ್ಕೂ ಅಲ್ಲಿ ಸುಲಭದ ಉತ್ತರವಿಲ್ಲ. ಅಲ್ಲಿನ ಎಷ್ಟೋ ಮನೆಗಳ ಒಲೆ ಉರಿಯುವುದು ಹೋಟೆಲಿನ ಸಂಬಳದಿಂದಲೇ.

ಈಗ ಉಳಿದಿರುವ ಆ ಇನ್ನೊಬ್ಬರ ವಿಷಯ. ದಂಪತಿ ದಂಡೆಗೆ ಹೋದ ಮೇಲೆ ಅವರ ಕೋಣೆಯ ಬಾಗಿಲು ತೆರೆದು ಒಬ್ಬ ಹೆಂಗಸು ಒಳಗೆ ಬರುತ್ತಾಳೆ. ಮಂಚ ಎಳೆದು, ಹಾಸಿಗೆ ಎತ್ತಿ, ಚಾದರ ಬದಲಿಸಿ, ಬಚ್ಚಲು ತಿಕ್ಕಿ ಮುಂದಿನ ಕೋಣೆಗೆ ಧಾವಿಸುತ್ತಾಳೆ. ಸ್ಪೇನಿನ ಹೋಟೆಲುಗಳ ಇಂಥ ಹೆಂಗಸರು 2010ರ ದಶಕದಲ್ಲಿ ಲಾಸ್ ಕೆಲಿಸ್ ಎಂಬ ಸಂಘಟನೆ ಕಟ್ಟಿಕೊಂಡರು. ಸ್ಪ್ಯಾನಿಷ್ ಭಾಷೆಯಲ್ಲಿ ಶುಚಿ ಮಾಡುವವರು ಎಂಬ ಮಾತಿನ ಮೇಲಿನ ಚಮತ್ಕಾರ ಆ ಹೆಸರು. ಗುತ್ತಿಗೆಯ ಕೂಲಿ, ಕೋಣೆಗಳ ಮಿತಿಮೀರಿದ ಲೆಕ್ಕ, ಸೊಂಟ ಮತ್ತು ತೋಳಿನ ನೋವು ಅವರ ದೂರುಗಳು. 2022ರಲ್ಲಿ ಮಯೋರ್ಕಾ ಸೇರಿದ ಬಾಲಿಯಾರಿಕ್ ದ್ವೀಪಗಳ ಸರ್ಕಾರ ಹೊಸ ಪ್ರವಾಸೋದ್ಯಮ ಕಾನೂನು ತಂದಿತು. ಹೋಟೆಲಿನ ಮಂಚಗಳನ್ನು ಮೇಲಕ್ಕೆ ಎತ್ತಿಸಬಲ್ಲ ಯಂತ್ರ ಇರಬೇಕು, ಕೆಲಸದ ಹೆಂಗಸರು ಬಗ್ಗಿ ಬಗ್ಗಿ ಸೊಂಟ ಮುರಿದುಕೊಳ್ಳಬಾರದು ಎಂದು ಅದರಲ್ಲಿದೆ.

1938ರ ಕಾಯಿದೆ ಗಿರಣಿ ಕಾರ್ಮಿಕನ ವಿಶ್ರಾಂತಿಗೆ ಬೆಲೆ ಕಟ್ಟಿತು. 2022ರ ಕಾನೂನು ಆ ವಿಶ್ರಾಂತಿಗಾಗಿ ದುಡಿಯುವವಳ ಸೊಂಟಕ್ಕೆ ಬೆಲೆ ಕಟ್ಟಿತು. ನಡುವೆ ಉರುಳಿದ್ದು 84 ವರ್ಷ. ಮಯೋರ್ಕಾದಲ್ಲಿ ಬಿಸಿಲು ಕಾಯಿಸುತ್ತಿರುವ ಆ ಶಾಲೆಯ ಅಡುಗೆಯವಳು ಮುಂದಿನ ವಾರ ತನ್ನ ಕೆಲಸಕ್ಕೆ ಮರಳುತ್ತಾಳೆ. ಅವಳ ಕೋಣೆಯ ಹಾಸಿಗೆ ಹಾಸಿದವಳಿಗೂ ವರ್ಷದಲ್ಲಿ ಏಳು ದಿನ ಹೀಗೆ ಕಾಲು ಚಾಚಿ ಮಲಗುವ ದಿನ ಸಿಗುತ್ತದೆಯೇ? ರಜೆಯ ಈ ಕಥೆಯಲ್ಲಿ ಇನ್ನು ಬರೆಯಬೇಕಾದ ಅಧ್ಯಾಯ ಅದು.