ಮಾಡಿದ ಕೆಲಸವೇ ಶಿಫಾರಸು
(ವಿದ್ಯಾರ್ಥಿವೇತನ ವಿತರಣಾ ಸಭೆಯ ಭಾಷಣ)



ಈ ಸಲ ಸಂದರ್ಶನದಲ್ಲಿ ಕಂಪ್ಯೂಟರ್ ಓದುವವರನ್ನು ಒಂದೇ ಪ್ರಶ್ನೆ ಕೇಳಿದೆವು: "ನೀವೇ ಮಾಡಿದ ಕೆಲಸ ಏನಾದರೂ ಇದೆಯೇ?" ಹಲವರು ಸರ್ಟಿಫಿಕೇಟ್ ಮುಂದಿಟ್ಟರು. ಒಬ್ಬ ಹುಡುಗಿ ಮೊಬೈಲಿನಲ್ಲಿ ತನ್ನ ಗಿಟ್‌ಹಬ್ ಪುಟ ತೆರೆದಳು. ತಂದೆಯ ಕಿರಾಣಿ ಅಂಗಡಿಯ ಉದ್ರಿ ಲೆಕ್ಕ ಇಡುವ ಪುಟ್ಟ ಪೈಥಾನ್ ಪ್ರೋಗ್ರಾಂ. ಯಾವ ದಿನ ಏನು ತಿದ್ದಿದಳೆಂಬುದೂ ಅಲ್ಲೇ ದಾಖಲಾಗಿತ್ತು. ನಮಗೆ ಕೋಡ್ ತಿಳಿಯದು. ತಿದ್ದಿ ಬರೆದ ನೋಟ್‌ಬುಕ್ಕಿನ ಬೆಲೆ ಗೊತ್ತು.

ಮಕ್ಕಳೇ, ನಮ್ಮಲ್ಲಿ ಹೆಚ್ಚಿನವರಿಗೆ ಕಂಪನಿಗಳಲ್ಲಿ ಪರಿಚಯದವರಿಲ್ಲ. ಎಲ್ಲರೂ ನೋಡುವಂತೆ ಇಟ್ಟ ಕೆಲಸವೇ ನಿಮ್ಮ ಶಿಫಾರಸು. ಖಾತೆ ಉಚಿತ. ಎರಡು ಮೂರು ಸಣ್ಣ ಕೆಲಸ ಸಾಕು. ಅದು ಏನು ಮಾಡುತ್ತದೆ, ಹೇಗೆ ನಡೆಸಬೇಕು, ಏನು ಬಾಕಿಯಿದೆ ಎಂದು ರೀಡ್‌ಮಿ ಕಡತದಲ್ಲಿ ಬರೆಯಿರಿ. ಪಾಸ್‌ವರ್ಡ್, ಗಿರಾಕಿಗಳ ಹೆಸರು, ಫೋನ್ ನಂಬರ್ ಹಾಕಬೇಡಿ. ಆಮೇಲೆ ಅಳಿಸಿದರೂ ಹಳೆಯ ದಾಖಲೆಯಲ್ಲಿ ಉಳಿಯುತ್ತವೆ. ಬೇರೆಯವರ ಕೋಡ್ ಬಳಸಿದರೆ ಅವರ ಹೆಸರು ಹೇಳಿ, ಅದೂ ಅಮಾನತ್.

ದಾನಿಗಳೇ, ಆ ಹುಡುಗಿಗೆ ಸ್ವಂತ ಲ್ಯಾಪ್‌ಟಾಪ್ ಇಲ್ಲ; ಕಾಲೇಜು ಲ್ಯಾಬ್ ಮುಚ್ಚುವವರೆಗೆ ಕೂತು ಮಾಡಿದ್ದು. ನಿಮ್ಮ ಮನೆಯಲ್ಲಿ ಸುಮ್ಮನೆ ಬಿದ್ದಿರುವ ಲ್ಯಾಪ್‌ಟಾಪ್ ಇದ್ದರೆ ಟ್ರಸ್ಟಿಗೆ ಕೊಡಿ. ಅಲ್ಲಾಹನು ನಿಮ್ಮ ದಾನವನ್ನು ಸ್ವೀಕರಿಸಲಿ. ಆಮೀನ್.