47ನೇ ಪುಟದಲ್ಲಿ ಅಡಗಿದ್ದ ಮನೆ

(ಸ್ನಾತಕೋತ್ತರ ವಾಸ್ತುಶಿಲ್ಪ ಶಿಕ್ಷಣಕ್ಕೆ ಅರ್ಜಿ ಸಲ್ಲಿಸಲಿರುವ ವಿದ್ಯಾರ್ಥಿಗಳಿಗಾಗಿ ಏರ್ಪಡಿಸಿದ್ದ ಮಾರ್ಗದರ್ಶನ ಶಿಬಿರದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಾನು ವಾಸ್ತುಶಿಲ್ಪಿಯಲ್ಲ. ಮದ್ರಸದಲ್ಲಿ ಕಲಿತು, ಬಳಿಕ ಬಿ.ಎ. ಮುಗಿಸಿ, ಪತ್ರಿಕೆಯ ಪುಟಗಳನ್ನು ತಿದ್ದುತ್ತಾ ಬಂದವನು. ಪೋರ್ಟ್‌ಫೋಲಿಯೊದ ಕುರಿತು ಮಾತನಾಡಲು ಇವನಿಗೇನು ಅರ್ಹತೆ ಎಂಬ ಪ್ರಶ್ನೆ ನಿಮ್ಮಲ್ಲಿ ಮೂಡಿದ್ದರೆ ಅದು ನ್ಯಾಯವಾದುದೇ. ನನ್ನ ಅಕ್ಕನ ಮಗಳು ಬಿ.ಆರ್ಕ್. ಮುಗಿಸಿ ವಿದೇಶದ ಐದು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದ್ದಳು. ಐದೂ ಕಡೆಯಿಂದ ತಿರಸ್ಕಾರದ ಪತ್ರ ಬಂತು. ಮರುವರ್ಷ ಮತ್ತೆ ಪ್ರಯತ್ನಿಸುವ ಮೊದಲು ಅವಳು ತನ್ನ ಪೋರ್ಟ್‌ಫೋಲಿಯೊವನ್ನು ನನ್ನ ಮುಂದಿಟ್ಟು, "ಮಾಮ, ನಿಮಗೆ ಕಟ್ಟಡ ಗೊತ್ತಿಲ್ಲ, ಆದರೆ ಪುಟ ಗೊತ್ತಲ್ಲ, ಒಮ್ಮೆ ನೋಡಿ" ಎಂದಳು. ಅಂದಿನಿಂದ ಆರು ತಿಂಗಳು ನಾವಿಬ್ಬರೂ ಅದರೊಂದಿಗೆ ಕುಸ್ತಿಯಾಡಿದೆವು. ಅವಳ ಅಧ್ಯಾಪಕರಿಂದ ಕೇಳಿ ತಿಳಿದದ್ದು, ನಾವು ಎಡವಿ ಕಲಿತದ್ದು, ಇವಿಷ್ಟನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಆ ಪೋರ್ಟ್‌ಫೋಲಿಯೊದಲ್ಲಿ 64 ಪುಟಗಳಿದ್ದವು, ಹನ್ನೊಂದು ಯೋಜನೆಗಳಿದ್ದವು. ವಸ್ತುಸಂಗ್ರಹಾಲಯ, ವಿಮಾನ ನಿಲ್ದಾಣ, ಗಾಜಿನ ಗೋಪುರ ಎಲ್ಲವೂ ಮಿಂಚುತ್ತಿದ್ದವು. ಗಣಕಯಂತ್ರ ಬಿಡಿಸಿದ ಆ ಚಿತ್ರಗಳಲ್ಲಿ ನಡೆದಾಡುತ್ತಿದ್ದವರು ಕೋಟು ತೊಟ್ಟ ಯುರೋಪಿನ ಜನ. ನಿಂತಿದ್ದ ಮರಗಳು ನಮ್ಮ ಮಣ್ಣಿನಲ್ಲಿ ಬೆಳೆಯದ ಮರಗಳು. 47ನೇ ಪುಟದ ಕೆಳಮೂಲೆಯಲ್ಲಿ ಅಂಗೈಯಗಲದ ಒಂದು ಪೆನ್ಸಿಲ್ ಚಿತ್ರವಿತ್ತು. ಅದು ನಮ್ಮ ಮನೆ. ಜಗಲಿಯಲ್ಲಿ ಮಡಿಲ ಮೇಲೆ ಮೊರವಿಟ್ಟುಕೊಂಡು ಬೀಡಿ ಕಟ್ಟುತ್ತಿರುವವರು ನನ್ನ ತಾಯಿ, ಅವಳ ಅಜ್ಜಿ.

"ಇದನ್ನೇಕೆ ಮೂಲೆಗೆ ತಳ್ಳಿದೆ?" ಎಂದು ಕೇಳಿದೆ. ಅವಳು ತಲೆ ತಗ್ಗಿಸಿ, "ಇದರಲ್ಲಿ ತೋರಿಸಲು ಏನಿದೆ ಮಾಮ?" ಎಂದಳು. ಬೀಡಿ ಬ್ರಾಂಚಿನಿಂದ ಬಂದ ಹಣದಲ್ಲಿ ಓದಿದ ನನಗೆ ಆ ಮಾತು ಚುಚ್ಚಿತು. ಆದರೆ ತಪ್ಪು ಅವಳದ್ದಲ್ಲ. ದೊಡ್ಡದು ಬೇರೆಲ್ಲೋ ಇದೆ, ನಮ್ಮದು ಬಚ್ಚಿಡಬೇಕಾದದ್ದು ಎಂಬ ಕೀಳರಿಮೆಯನ್ನು ಮಕ್ಕಳಲ್ಲಿ ಬಿತ್ತಿದವರು ನಾವೇ ಅಲ್ಲವೇ?

ಅವಳ ನೋಟ್ ಪುಸ್ತಕ ತೆರೆದು ನೋಡಿದೆವು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬೆಳಕನ್ನು ಹಿಂಬಾಲಿಸುತ್ತಾ ಅಜ್ಜಿ ದಿನಕ್ಕೆ ಮೂರು ಬಾರಿ ಚಾಪೆಯ ಜಾಗ ಬದಲಾಯಿಸುವುದನ್ನು ಅವಳು ಅಳೆದು ಗುರುತಿಸಿದ್ದಳು. ಸೆಖೆಯಿದ್ದರೂ ಫ್ಯಾನು ಹಾಕುವಂತಿಲ್ಲ, ಹಾಕಿದರೆ ಹೊಗೆಸೊಪ್ಪಿನ ಪುಡಿ ಹಾರುತ್ತದೆ ಎಂದು ಬರೆದಿದ್ದಳು. ಪುಡಿ ಹಾರದಂತೆ ಗಾಳಿ ಬರುವುದು ಹೇಗೆ? ಬಿಸಿಲು ಬೀಳದಂತೆ ಬೆಳಕು ಬರುವುದು ಹೇಗೆ? ಹನ್ನೊಂದು ಯೋಜನೆಗಳ ಪೈಕಿ ಅವಳದ್ದೇ ಆದ ಪ್ರಶ್ನೆ ಇದೊಂದರಲ್ಲಿತ್ತು.

ಮಿತ್ರರೇ, ನಾನು ಹೇಳಬೇಕೆಂದಿರುವ ಮುಖ್ಯ ವಿಷಯ ಇದುವೇ. ನೀವು ಈಗಾಗಲೇ ಎಷ್ಟು ದೊಡ್ಡ ವಾಸ್ತುಶಿಲ್ಪಿ ಎಂಬುದನ್ನು ಆಯ್ಕೆ ಸಮಿತಿ ನಿಮ್ಮಲ್ಲಿ ಹುಡುಕುವುದಿಲ್ಲ. ನೀವು ಹೇಗೆ ನೋಡುತ್ತೀರಿ, ಕಂಡದ್ದರಿಂದ ಯಾವ ಪ್ರಶ್ನೆ ಎತ್ತುತ್ತೀರಿ, ಆ ಪ್ರಶ್ನೆಯೊಂದಿಗೆ ಎಷ್ಟು ದೂರ ನಡೆಯುತ್ತೀರಿ ಎಂಬುದನ್ನು ಹುಡುಕುತ್ತದೆ. ಕಟ್ಟಿದ ಕಟ್ಟಡ ಒಂದೂ ಇಲ್ಲವೆಂದು ಅಂಜಬೇಕಾಗಿಲ್ಲ. 1950ರಲ್ಲಿ ಬಗ್ದಾದಿನಲ್ಲಿ ಜನಿಸಿ, ಬೈರೂತಿನಲ್ಲಿ ಗಣಿತ ಓದಿ, ಲಂಡನಿನಲ್ಲಿ ವಾಸ್ತುಶಿಲ್ಪ ಕಲಿತ ಝಹಾ ಹದೀದ್ 1983ರಲ್ಲಿ ಹಾಂಕಾಂಗಿನ ಪೀಕ್ ವಿನ್ಯಾಸ ಸ್ಪರ್ಧೆಯನ್ನು ಗೆದ್ದರು. ಆ ಕಟ್ಟಡ ಮೇಲೇಳಲೇ ಇಲ್ಲ. ಅವರಿಗೆ ಹೆಸರು ತಂದ ಮೊದಲ ಕಟ್ಟಡವಾದ ಜರ್ಮನಿಯ ವಿಟ್ರಾ ಅಗ್ನಿಶಾಮಕ ಠಾಣೆ ಪೂರ್ಣಗೊಂಡದ್ದು 1993ರಲ್ಲಿ. ನಡುವಿನ ಹತ್ತು ವರ್ಷ ಅವರ ಪರವಾಗಿ ಮಾತನಾಡಿದ್ದು ಚಿತ್ರಗಳೇ. 2004ರಲ್ಲಿ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ಮೊದಲ ಮಹಿಳೆ ಎಂಬ ಗೌರವವೂ ಅವರದ್ದಾಯಿತು.

ಇನ್ನು ಕೆಲಸದ ಮಾತಿಗೆ ಬರೋಣ.

ಮೊದಲನೆಯದು, ಯಾವ ಕೋರ್ಸಿಗೆ ಅರ್ಜಿ ಹಾಕುತ್ತಿದ್ದೀರಿ ಎಂಬ ಸ್ಪಷ್ಟತೆ. ನಮ್ಮ ದೇಶದಲ್ಲಿ ಬಿ.ಆರ್ಕ್. ಐದು ವರ್ಷದ ವೃತ್ತಿಪರ ಪದವಿ, ಎಂ.ಆರ್ಕ್. ಅದರ ಮೇಲಿನ ಎರಡು ವರ್ಷ. ಅಮೆರಿಕದಲ್ಲಿ ಎಂ.ಆರ್ಕ್. ಎಂಬ ಒಂದೇ ಹೆಸರಿನಡಿ ಎರಡು ದಾರಿಗಳಿವೆ. ಬೇರೆ ವಿಷಯದಲ್ಲಿ ಪದವಿ ಪಡೆದು ಬರುವವರಿಗೆ ಸುಮಾರು ಮೂರು ವರ್ಷದ ದೀರ್ಘ ಕೋರ್ಸು. ವೃತ್ತಿಪರ ಪದವಿ ಈಗಾಗಲೇ ಇರುವವರಿಗೆ ಒಂದೆರಡು ವರ್ಷದ ಉನ್ನತ ಕೋರ್ಸು. ಮೊದಲನೆಯದರಲ್ಲಿ ಛಾಯಾಚಿತ್ರ, ಮರಗೆಲಸ, ಚಿತ್ರಕಲೆಗಳಿಗೂ ಬೆಲೆಯಿದೆ. ಎರಡನೆಯದರಲ್ಲಿ ನಿಮ್ಮ ವಿನ್ಯಾಸ ಪಕ್ವತೆಯನ್ನು ಒರೆಗೆ ಹಚ್ಚುತ್ತಾರೆ. ಇದನ್ನರಿಯದೆ ಅರ್ಜಿ ಹಾಕುವುದೆಂದರೆ ವಿಳಾಸ ಬರೆಯದೆ ಪತ್ರ ಹಾಕಿದಂತೆ.

ಎರಡನೆಯದು, ನಿಯಮ. ಎಷ್ಟು ಪುಟ, ಕಡತದ ಗಾತ್ರವೆಷ್ಟು, ಎದುರುಬದುರಿನ ಎರಡು ಪುಟಗಳನ್ನು ಒಂದೆಂದು ಎಣಿಸುತ್ತಾರೋ ಎರಡೆಂದೋ, ಇವು ಪ್ರತಿ ಶಾಲೆಗೂ ಬೇರೆ. ಕಳೆದ ವರ್ಷದ ನಿಯಮವನ್ನು ಈ ವರ್ಷ ನಂಬಬೇಡಿ. ಅಮೆರಿಕದ ಅನೇಕ ಶಾಲೆಗಳ ಕೊನೆಯ ದಿನಾಂಕ ಡಿಸೆಂಬರ್ ಮತ್ತು ಜನವರಿಯಲ್ಲಿ ಬರುತ್ತದೆ. ಆದುದರಿಂದ ಮಳೆಗಾಲ ಮುಗಿಯುವ ಮೊದಲೇ ಕೆಲಸ ಆರಂಭಿಸಬೇಕು.

ಮೂರನೆಯದು, ಆಯ್ಕೆ. ನಾಲ್ಕರಿಂದ ಆರು ಯೋಜನೆಗಳು ಸಾಕು. ಬಹಳ ದುಡಿದಿದ್ದೇನೆ ಎಂಬ ಕಾರಣಕ್ಕೆ ಯಾವ ಯೋಜನೆಯೂ ಉಳಿಯಬಾರದು. ದುಡಿಮೆಗೂ ಗುಣಕ್ಕೂ ವ್ಯತ್ಯಾಸವಿದೆ. ಅತ್ಯುತ್ತಮವಾದದ್ದು ಮೊದಲು ಬರಲಿ, ಅದಕ್ಕೆ ಸಾಟಿಯಾದದ್ದು ಕೊನೆಯಲ್ಲಿರಲಿ. ದುರ್ಬಲವಾದ ಒಂದು ಯೋಜನೆ ಬಲವಾದ ನಾಲ್ಕರ ಮೇಲೂ ಅನುಮಾನ ಹುಟ್ಟಿಸುತ್ತದೆ. ನಾವು ಹನ್ನೊಂದರಲ್ಲಿ ಆರನ್ನು ತೆಗೆದುಹಾಕಿದೆವು. ವಿಮಾನ ನಿಲ್ದಾಣವನ್ನು ತೆಗೆದ ದಿನ ಅವಳು ಊಟ ಮಾಡಲಿಲ್ಲ.

ನಾಲ್ಕನೆಯದು, ನಿರೂಪಣೆ. ಪ್ರತಿ ಯೋಜನೆಯ ಆರಂಭದಲ್ಲಿ ಸ್ಥಳ, ಸೆಮಿಸ್ಟರ್, ಕಾಲೇಜಿನದ್ದೋ ಕಚೇರಿಯದ್ದೋ, ಒಬ್ಬರೇ ಮಾಡಿದ್ದೋ ತಂಡದಲ್ಲೋ ಎಂಬ ವಿವರವಿರಲಿ. ಬಳಿಕ ಒಂದೇ ವಾಕ್ಯದಲ್ಲಿ ಪ್ರಶ್ನೆ ಬರಲಿ. ಐವತ್ತು ಅರುವತ್ತು ಪದಗಳಿಗಿಂತ ಹೆಚ್ಚು ವಿವರಣೆ ಬೇಡ. ಪರಿಸರಸ್ನೇಹಿ, ಅದ್ಭುತ, ಕ್ರಾಂತಿಕಾರಿ ಮುಂತಾದ ಪದಗಳನ್ನು ಹೊಡೆದುಹಾಕಿ. ಗಾಳಿ ಯಾವ ಕಿಟಕಿಯಿಂದ ಬಂದು ಎಲ್ಲಿಂದ ಹೋಗುತ್ತದೆ ಎಂದು ತೋರಿಸಿದರೆ ಆ ಪದಗಳ ಅಗತ್ಯವೇ ಬೀಳದು.

ಐದನೆಯದು, ಚಿತ್ರ. ಹೊರನೋಟದ ಬಣ್ಣದ ಚಿತ್ರಕ್ಕಿಂತ ಸೆಕ್ಷನ್, ಅಂದರೆ ಕಟ್ಟಡವನ್ನು ಕುಂಬಳಕಾಯಿಯಂತೆ ಸೀಳಿ ಒಳಗನ್ನು ತೋರಿಸುವ ಚಿತ್ರ, ಹೆಚ್ಚು ಮಾತನಾಡುತ್ತದೆ. ಬೆಳಕು ಎಲ್ಲಿ ಬೀಳುತ್ತದೆ, ಮನುಷ್ಯ ಎಲ್ಲಿ ಕೂರುತ್ತಾನೆ, ಛಾವಣಿ ಅವನಿಂದ ಎಷ್ಟು ಎತ್ತರದಲ್ಲಿದೆ ಎಂಬುದೆಲ್ಲ ಅದರಲ್ಲಿ ಕಾಣುತ್ತದೆ. ಕತ್ತರಿಸಿದ ಗೋಡೆಯ ಗೆರೆ ದಪ್ಪವಾಗಿರಲಿ, ಹಿಂದಿರುವುದು ತೆಳುವಾಗಿರಲಿ. ಕಾಲೇಜಿಗಾಗಿ ಎ1 ಹಾಳೆಯಲ್ಲಿ ಬಿಡಿಸಿದ್ದನ್ನು ಹಾಗೆಯೇ ಎ4 ಪುಟಕ್ಕೆ ಇಳಿಸಬೇಡಿ. ಉದ್ದಳತೆ ಸುಮಾರು ಮೂರನೇ ಒಂದಕ್ಕೆ ಕುಗ್ಗಿ, 12 ಪಾಯಿಂಟಿನ ಅಕ್ಷರ 4 ಪಾಯಿಂಟಿಗೆ ಇಳಿಯುತ್ತದೆ, ಗೆರೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಪುಟದ ಗಾತ್ರಕ್ಕೆ ತಕ್ಕಂತೆ ಮತ್ತೆ ಬಿಡಿಸಿ. ಪರದೆಯ ಮೇಲೆ ಒಂದಕ್ಕೆ ನೂರು ಎಂಬ ಪ್ರಮಾಣಕ್ಕೆ ಅರ್ಥವಿಲ್ಲ. ಅದರ ಬದಲು ಅಳತೆಪಟ್ಟಿಯನ್ನೂ ಉತ್ತರದಿಕ್ಕಿನ ಬಾಣವನ್ನೂ ಹಾಕಿ. ಮಾದರಿಯ ಫೋಟೊವನ್ನು ಮನೆಯ ನೆರಳಿನಲ್ಲಿ, ಒಂದೇ ಬಣ್ಣದ ಬಟ್ಟೆಯ ಮುಂದಿಟ್ಟು ತೆಗೆದರೂ ಸಾಕು.

ಪುಟದಲ್ಲಿ ಖಾಲಿ ಜಾಗ ಬಿಡಲು ಹೆದರಬೇಡಿ. ಮದ್ರಸದಲ್ಲಿ ನಮಗೆ ಅರಬಿ ಲಿಪಿ ಬರೆಯಲು ಕಲಿಸಿದ ಉಸ್ತಾದರು ಲೇಖನಿಯ ಒಂದು ಚುಕ್ಕಿಯನ್ನೇ ಅಳತೆಗೋಲಾಗಿಸಿ ಅಕ್ಷರದ ಎತ್ತರವನ್ನೂ ನಡುವಿನ ತೆರಪನ್ನೂ ಅಳೆಸುತ್ತಿದ್ದರು. ತೆರಪು ತಪ್ಪಿದರೆ ಅಕ್ಷರ ಸರಿಯಿದ್ದರೂ ಹಾಳೆ ಹರಿಯುತ್ತಿದ್ದರು. ಒಂದೇ ಬಗೆಯ ಅಕ್ಷರ, ಒಂದೇ ಅಂಚು, ಒಂದೇ ಅಳತೆಯ ಚೌಕಟ್ಟು, ಇವಿಷ್ಟಿದ್ದರೆ ಪುಟ ತಾನಾಗಿಯೇ ಶಿಸ್ತಿಗೆ ಬರುತ್ತದೆ.

ಆರನೆಯದು, ನಾನು ಅತ್ಯಂತ ಒತ್ತಿ ಹೇಳಬೇಕಾದದ್ದು, ಪ್ರಾಮಾಣಿಕತೆ. ಅಮೆರಿಕದ ಶಿಕಾಗೊ ನಗರದಲ್ಲಿ 110 ಮಹಡಿಗಳ ಸಿಯರ್ಸ್ ಟವರ್ ಇದೆ. 2009ರಿಂದ ಅದರ ಹೆಸರು ವಿಲ್ಲಿಸ್ ಟವರ್. ಅದರ ವಾಸ್ತುಶಿಲ್ಪಿ ಬ್ರೂಸ್ ಗ್ರಹಾಂ, ಅದನ್ನು ನಿಲ್ಲಿಸಿದ ರಚನಾ ಇಂಜಿನಿಯರ್ ಢಾಕಾದಲ್ಲಿ ಜನಿಸಿದ ಫಝ್ಲುರ್ ರಹ್ಮಾನ್ ಖಾನ್. ಒಬ್ಬರ ಹೆಸರು ಹೇಳಿದರೆ ಇನ್ನೊಬ್ಬರದ್ದು ಸಣ್ಣದಾಗುವುದಿಲ್ಲ. ಹೀಗಿರುವಾಗ ನಾಲ್ವರು ಸೇರಿ ಮಾಡಿದ ಯೋಜನೆಯಲ್ಲಿ ಮೂವರ ಹೆಸರನ್ನು ಅಳಿಸಿಹಾಕುವುದೇಕೆ? "ಪ್ಲಾನ್ ಮತ್ತು ಮಾದರಿ ನನ್ನದು, ಉಳಿದದ್ದು ಸಹಪಾಠಿಗಳದ್ದು" ಎಂದು ಬರೆಯಿರಿ. ಕಚೇರಿಯಲ್ಲಿ ಮಾಡಿದ ಕೆಲಸವಾದರೆ ಮಾಲಕರ ಅನುಮತಿ ಕೇಳಿ. ಕೃತಕ ಬುದ್ಧಿಮತ್ತೆಯಿಂದ ಚಿತ್ರ ಮಾಡಿಸಿದ್ದರೆ ಶಾಲೆಯ ನಿಯಮ ಅದಕ್ಕೆ ಅವಕಾಶ ಕೊಡುತ್ತದೆಯೇ ನೋಡಿ, ಕೊಟ್ಟರೆ ಬಹಿರಂಗವಾಗಿ ತಿಳಿಸಿ. ಹಣ ಪಡೆದು ಇಡೀ ಪೋರ್ಟ್‌ಫೋಲಿಯೊ ಸಿದ್ಧಪಡಿಸಿ ಕೊಡುವವರೂ ಇದ್ದಾರೆ. ಹೆತ್ತವರೇ, ದಯವಿಟ್ಟು ಆ ಬಾಗಿಲು ತಟ್ಟಬೇಡಿ. ಸಂದರ್ಶನದಲ್ಲಿ ಒಂದು ಗೆರೆಯ ಬಗ್ಗೆ ಪ್ರಶ್ನೆ ಬಂದರೆ ಉತ್ತರಿಸಬೇಕಾದವರು ನಿಮ್ಮ ಮಕ್ಕಳು. ಅದಕ್ಕಿಂತ ಮಿಗಿಲಾಗಿ, ಸುಳ್ಳಿನ ಅಡಿಪಾಯದ ಮೇಲೆ ಮನೆ ಕಟ್ಟುವುದನ್ನು ಕಲಿಯಲು ಯಾವ ವಿಶ್ವವಿದ್ಯಾಲಯವೂ ಬೇಕಾಗಿಲ್ಲ.

ಸೋಲನ್ನೂ ತೋರಿಸಿ. ಈಜಿಪ್ಟಿನ ಹಸನ್ ಫತ್ಹಿ 1940ರ ದಶಕದಲ್ಲಿ ಲಕ್ಸರ್ ಬಳಿ ಮಣ್ಣಿನ ಇಟ್ಟಿಗೆಯಿಂದ ನ್ಯೂ ಗುರ್ನಾ ಎಂಬ ಗ್ರಾಮವನ್ನು ಕಟ್ಟಿಸಿದರು. ಹಳೆಯ ಗುರ್ನಾದ ಜನ ಅಲ್ಲಿಗೆ ಹೋಗಲು ಒಪ್ಪಲಿಲ್ಲ, ಯೋಜನೆ ಅರ್ಧಕ್ಕೆ ನಿಂತಿತು. ಫತ್ಹಿ ಅದನ್ನು ಮುಚ್ಚಿಡದೆ ಪುಸ್ತಕವಾಗಿ ಬರೆದರು. 1973ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯ ಅದನ್ನು ಪ್ರಕಟಿಸಿದ ಮೇಲೆ ಜಗತ್ತು ಅವರಿಂದ ಕಲಿಯಿತು. ನಿಮ್ಮ ಮೊದಲ ವಿನ್ಯಾಸ ಏಕೆ ಕೆಲಸ ಮಾಡಲಿಲ್ಲ, ಎರಡನೆಯದರಲ್ಲಿ ಏನು ಬದಲಾಯಿಸಿದಿರಿ ಎಂಬ ಎರಡು ಸಣ್ಣ ರೇಖಾಚಿತ್ರಗಳು ಹತ್ತು ಹೊಳೆಯುವ ಚಿತ್ರಗಳಿಗೆ ಸಮ.

ಇಲ್ಲಿ ಒಂದು ಎಚ್ಚರಿಕೆ. ನಮ್ಮದನ್ನು ತೋರಿಸಿ ಎಂದರೆ ನಮ್ಮ ಬಡತನವನ್ನು ಪ್ರದರ್ಶನಕ್ಕಿಡಿ ಎಂದರ್ಥವಲ್ಲ. ಕಣ್ಣೀರಿನ ಫೋಟೊ ಹಾಕಿ ಸೀಟು ಗಿಟ್ಟಿಸುವುದು ವಿನ್ಯಾಸವಲ್ಲ. ನನ್ನ ಸೊಸೆ ಅಜ್ಜಿಯ ಅನುಮತಿ ಕೇಳಿದಳು. "ಮುಖ ಬೇಡ, ಕೈ ಹಾಕು" ಎಂದರು ತಾಯಿ. ಹಾಗೆಯೇ ಆಯಿತು. ಢಾಕಾದ ಮರೀನಾ ತಬಸ್ಸುಮ್ ತನ್ನ ಅಜ್ಜಿ ದಾನ ಕೊಟ್ಟ ಜಾಗದಲ್ಲಿ ಇಟ್ಟಿಗೆಯಿಂದ ಬೈತುರ್ರೂಫ್ ಮಸೀದಿಯನ್ನು ಕಟ್ಟಿಸಿದರು. ಗುಮ್ಮಟವಿಲ್ಲ, ಮಿನಾರವಿಲ್ಲ; ಛಾವಣಿಯ ರಂಧ್ರಗಳಿಂದ ಇಳಿಯುವ ಬೆಳಕೇ ಅದರ ಅಲಂಕಾರ. 2016ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಅಲ್ಲಿನ ಜನರ ಅಗತ್ಯಕ್ಕೆ ಕೊಟ್ಟ ಉತ್ತರವನ್ನು ಅಲ್ಲಿಂದ ದೂರವಿದ್ದ ತೀರ್ಪುಗಾರರೂ ಓದಬಲ್ಲವರಾದರು.

ಹೊಸ ಪೋರ್ಟ್‌ಫೋಲಿಯೊ 28 ಪುಟಗಳದ್ದಾಯಿತು. ಮೊದಲ ಆರು ಪುಟಗಳಲ್ಲಿ ಅಜ್ಜಿಯ ಜಗಲಿ. ಅದೇ ಮನೆಯ ಮೂರು ಹೊತ್ತಿನ ಮೂರು ಸೆಕ್ಷನ್‌ಗಳು. ಬಳಿಕ ನೆರೆಮನೆಯ ಹೆಂಗಸರೂ ಸೇರಿ ಕೂರಬಹುದಾದ ಒಂದು ಕೆಲಸದ ಚಾವಡಿ. ಗಾಳಿ ಆಳೆತ್ತರದ ಮೇಲಿನ ಜಾಲಂಧ್ರದಿಂದ ಬಂದು ಹೆಂಚಿನ ಅಡಿಯಿಂದ ಹೊರಹೋಗುತ್ತದೆ. ಬೆಳಕು ಉತ್ತರದ ಇಳಿಜಾರಿನ ಗಾಜಿನ ಹೆಂಚುಗಳಿಂದ ಇಳಿಯುತ್ತದೆ. ಮೊದಲ ಪ್ರಯತ್ನದಲ್ಲಿ ಜಾಲಂಧ್ರ ಕೆಳಗಿದ್ದುದರಿಂದ ಪುಡಿ ಹಾರುತ್ತಿತ್ತೆಂಬುದನ್ನೂ ಅವಳು ಬರೆದಳು. ಅರ್ಜಿಯೊಂದಿಗೆ ಕೊಡುವ ಉದ್ದೇಶ ಪತ್ರವೂ ಇದೇ ಪ್ರಶ್ನೆಯಿಂದ ಆರಂಭವಾಯಿತು. ಪತ್ರ ಒಂದು ದಿಕ್ಕಿಗೆ, ಚಿತ್ರಗಳು ಇನ್ನೊಂದು ದಿಕ್ಕಿಗೆ ನೋಡಬಾರದು.

ಕಳುಹಿಸುವ ಮೊದಲು ನಾವು ಮಾಡಿದ ಒಂದು ಪರೀಕ್ಷೆಯನ್ನು ನೀವೂ ಮಾಡಿ. ನಿಮ್ಮ ಕೆಲಸವನ್ನು ಎಂದೂ ನೋಡದ ಒಬ್ಬರಿಗೆ ಮೂರು ನಿಮಿಷ ಕೊಡಿ. ಪುಟಗಳನ್ನು ಮುಚ್ಚಿ, ಏನು ನೆನಪಿದೆ ಎಂದು ಕೇಳಿ. ಅವರು ಬಣ್ಣವನ್ನು ಹೇಳಿದರೆ ಕೆಲಸ ಬಾಕಿಯಿದೆ. ನಿಮ್ಮ ಪ್ರಶ್ನೆಯನ್ನು ಹೇಳಿದರೆ ಮುಗಿದಿದೆ. ಕಡತವನ್ನು ಬೇರೆ ಗಣಕಯಂತ್ರದಲ್ಲಿ ತೆರೆದು ನೋಡಿ. ಕೊನೆಯ ದಿನಕ್ಕೆ ಕಾಯದೆ ಎರಡು ಮೂರು ದಿನ ಮೊದಲೇ ಸಲ್ಲಿಸಿ.

ಎರಡನೆಯ ವರ್ಷವೂ ಅವಳು ಐದು ಕಡೆ ಅರ್ಜಿ ಹಾಕಿದಳು. ಮೂರು ಕಡೆ ನಿರಾಕರಿಸಿದರು, ಎರಡು ಕಡೆ ಕರೆದರು. ಒಂದರಲ್ಲಿ ಶುಲ್ಕದ ಒಂದು ಭಾಗ ಮನ್ನಾ ಆಯಿತು. ಇದು ಕೇವಲ ಪೋರ್ಟ್‌ಫೋಲಿಯೊದ ಫಲವೆಂದು ನಾನು ಹೇಳಲಾರೆ; ಅಂಕ, ಶಿಫಾರಸು ಪತ್ರ ಎಲ್ಲದಕ್ಕೂ ಪಾಲಿದೆ. ಆದರೆ ಸೀಟು ಸಿಗದೇ ಹೋಗಿದ್ದರೂ ಆ ಆರು ತಿಂಗಳು ವ್ಯರ್ಥವಾಗುತ್ತಿರಲಿಲ್ಲ. ಹೊರಡುವ ಮೊದಲು ಅವಳು ಮೊದಲ ಪುಟವನ್ನು ಮುದ್ರಿಸಿ ಅಜ್ಜಿಗೆ ಕೊಟ್ಟಳು. ತಾಯಿ ಅದನ್ನು ಬಹಳ ಹೊತ್ತು ನೋಡಿ, "ಚಾಪೆ ಇಷ್ಟು ಹೊಸದಲ್ಲ" ಎಂದರು. ಅವಳು ಅಲ್ಲೇ ಕುಳಿತು ಪೆನ್ಸಿಲಿನಿಂದ ಚಾಪೆಯ ಅಂಚನ್ನು ಹರಿದಂತೆ ತಿದ್ದಿದಳು.

ನಿಮ್ಮೆಲ್ಲರ ಪೋರ್ಟ್‌ಫೋಲಿಯೊಗಳಲ್ಲೂ ಅಂತಹ ಒಂದು 47ನೇ ಪುಟವಿದೆ. ಇಂದು ಮನೆಗೆ ಹೋಗಿ ಅದನ್ನು ಹುಡುಕಿ.