ಸರ್‌ನೇಮ್ ಇಲ್ಲದ ಅಮ್ಮ ಮತ್ತು ದುಬೈ ಟಿಕೆಟ್

ಪರೀಕ್ಷೆ ಮುಗೀತು, ರಜೆ ಶುರುವಾಯ್ತು. ಈಗ ಯಾರ ಮನೆಗೆ ಹೋದರೂ ಒಂದೇ ಮಾತು: ಈ ಸಲ ಎಲ್ಲಿಗೆ? ಮೊದಲೆಲ್ಲ ಅಜ್ಜಿ ಮನೆ, ತಪ್ಪಿದರೆ ಧರ್ಮಸ್ಥಳ, ಹೊರನಾಡು. ಈಗ ದಾವಣಗೆರೆಯ ಬಟ್ಟೆ ಅಂಗಡಿಯವರೂ ಥಾಯ್ಲೆಂಡ್ ಅಂತಾರೆ, ಹಾಸನದ ಮೇಷ್ಟ್ರೂ ವಿಯೆಟ್ನಾಂ ಅಂತಾರೆ. ಸಂತೋಷ. ದುಡಿದವರು ತಿರುಗಲಿ, ಯಾಕೆ ತಿರುಗಬಾರದು? ಅಡುಗೆಮನೆ, ಹಿತ್ತಲು ಬಿಟ್ಟು ಆಚೆ ಹೋಗದ ನಮ್ಮ ಅಮ್ಮಂದಿರು ಒಂದ್ಸಲ ವಿಮಾನದ ಕಿಟಕಿ ಪಕ್ಕ ಕೂರಲಿ.

ಆದರೆ ಇವತ್ತು ನಾನು ನಿಮಗೆ ಬೀಚ್ ತೋರಿಸಲ್ಲ, ಹೋಟೆಲ್ ಹೇಳಲ್ಲ. ಅದಕ್ಕೆ ಯೂಟ್ಯೂಬ್ ಇದೆ. ನಾನು ಹೇಳೋದು ನಿಮ್ಮ ಬೀರುವಿನಲ್ಲಿ, ರೇಷ್ಮೆ ಸೀರೆ ಕೆಳಗೆ ಇಟ್ಟಿರುವ ಆ ನೀಲಿ ಪುಸ್ತಕದ ಬಗ್ಗೆ. ಪಾಸ್‌ಪೋರ್ಟ್. ಅದರಲ್ಲಿ ಒಂದು ಸಾಲು ಖಾಲಿ ಇದ್ದಿದ್ದಕ್ಕೆ ನಮ್ಮಮ್ಮ ಮೊಮ್ಮಗಳ ಮೊದಲ ಹುಟ್ಟುಹಬ್ಬ ತಪ್ಪಿಸಿಕೊಂಡಳು.

2022ರ ನವೆಂಬರ್. ತಂಗಿ ಇರೋದು ದುಬೈನಲ್ಲಿ. ಮಗುವಿಗೆ ವರ್ಷ ತುಂಬುತ್ತೆ, ಅಮ್ಮನನ್ನು ಕಳಿಸಿಕೊಡು ಅಂದಳು. ಅಪ್ಪ ಅಡಿಕೆ ಕೊಯ್ಲಿನ ಕಾಲ, ತೋಟ ಬಿಟ್ಟು ಬರಲ್ಲ ಅಂದ್ರು. ಸರಿ, ಅಮ್ಮನ ಜೊತೆ ನಾನೇ ಹೊರಟೆ. ಒಬ್ಬ ಏಜೆಂಟ್ ಹಿಡಿದು ವೀಸಾ ಮಾಡಿಸಿದೆ, ಟಿಕೆಟ್ ತೆಗೆದೆ. ಚನ್ನಗಿರಿ ಹತ್ತಿರದ ನಮ್ಮ ಹಳ್ಳಿಯಿಂದ ರಾತ್ರಿಯೆಲ್ಲ ಕಾರಿನಲ್ಲಿ ಬಂದು, ಬೆಳಗಿನ ಜಾವ ಬೆಂಗಳೂರು ವಿಮಾನ ನಿಲ್ದಾಣ. ಅಮ್ಮ ಹೊಸ ಸೀರೆ, ಕಾಲಿಗೆ ಜೀವನದಲ್ಲಿ ಮೊದಲ ಸಲ ಶೂ. ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ತಿರುಗಿಸಿ ನೋಡಿದಳು, ಒಳಗೆ ಹೋದಳು, ಇನ್ನೊಬ್ಬರನ್ನು ಕರೆದುಕೊಂಡು ಬಂದಳು.

'ಸರ್, ಇವರಿಗೆ ಸರ್‌ನೇಮ್ ಇಲ್ಲ. ಬೋರ್ಡಿಂಗ್ ಕೊಡೋಕಾಗಲ್ಲ.'

ಗಿವನ್ ನೇಮ್: ಜಯಮ್ಮ. ಸರ್‌ನೇಮ್: ಖಾಲಿ. ಅಷ್ಟೇ ವಿಷಯ. ಆ ನವೆಂಬರ್ 21ರಿಂದ ಯುಎಇ ಹೊಸ ನಿಯಮ ತಂದಿತ್ತು. ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದರೆ ಟೂರಿಸ್ಟ್ ವೀಸಾ, ವಿಸಿಟ್ ವೀಸಾದಲ್ಲಿ ಒಳಗೆ ಬಿಡುವುದಿಲ್ಲ, ವೀಸಾ ಮೊದಲೇ ಸಿಕ್ಕಿದ್ದರೂ ಬಿಡುವುದಿಲ್ಲ. ನಾವು ಹೋಗಿದ್ದು ನಿಯಮ ಬಂದ ಎರಡನೇ ದಿನ. ಏಜೆಂಟ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಆಮೇಲೆ ಎತ್ತಿ 'ನಮಗೂ ಗೊತ್ತಿರ್ಲಿಲ್ಲ ಸರ್' ಅಂದ.

ಅವನ ಮೇಲೆ ಕೂಗಾಡಿದೆ. ಸುಳ್ಳು ಯಾಕೆ ಹೇಳಲಿ, ಆಮೇಲೆ ನಾಚಿಕೆಯಾಯ್ತು. ಯಾಕೆ ಗೊತ್ತಾ? ಆ ಸುದ್ದಿ ಹಿಂದಿನ ದಿನ ಇದೇ ನಮ್ಮ ಚಾನೆಲ್‌ನಲ್ಲಿ ಕೆಳಗಡೆ ಸ್ಕ್ರೋಲ್ ಆಗಿ ಓಡಿತ್ತು. ಅದರ ಮೇಲೆ ಕೂತು ಅರ್ಧ ಗಂಟೆ ರಾಜಕೀಯ ಮಾತಾಡಿದವನು ನಾನೇ. ಊರಿಗೆಲ್ಲ ಸುದ್ದಿ ಹೇಳುವವನು, ನನ್ನ ಹೊಟ್ಟೆಯ ಮಟ್ಟದಲ್ಲಿ ಓಡಿದ ಸುದ್ದಿ ಓದಿರಲಿಲ್ಲ.

ಅದಕ್ಕಿಂತ ಉರಿಯುವ ಮಾತು ಕೇಳಿ. ಕೆಲವೇ ದಿನಗಳಲ್ಲಿ ಸ್ಪಷ್ಟನೆ ಬಂತು: ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿ, ಅಂದ್ರೆ ವಿಳಾಸ ಇರುವ ಆ ಕೊನೆಯ ಪುಟದಲ್ಲಿ, ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕು ಅಂತ. ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಅವರಪ್ಪನ ಹೆಸರು ದಪ್ಪ ಅಕ್ಷರದಲ್ಲಿತ್ತು. ಅಷ್ಟೊತ್ತಿಗೆ ಟಿಕೆಟ್ ದುಡ್ಡು ಹೋಗಿತ್ತು, ಕೇಕ್ ಕತ್ತರಿಸಿ ಆಗಿತ್ತು. ಅಮ್ಮ ಹುಟ್ಟುಹಬ್ಬ ನೋಡಿದ್ದು ವಾಟ್ಸಾಪ್ ವಿಡಿಯೋ ಕಾಲ್‌ನಲ್ಲಿ, ಅದೂ ತೋಟದ ಮನೆಯಲ್ಲಿ ಸಿಗ್ನಲ್ ಸಿಗದೆ ಟೆರೇಸ್ ಮೇಲೆ ನಿಂತು.

ಈಗ ಕೇಳಿ, ತಪ್ಪು ಯಾರದ್ದು? ಅಮ್ಮನದ್ದಲ್ಲ. ನಮ್ಮಲ್ಲಿ ಸರ್‌ನೇಮ್ ಅನ್ನೋದು ಎಲ್ಲರಿಗೂ ಎಲ್ಲಿದೆ? ಬೆಳಗಾವಿ ಕಡೆ ಪಾಟೀಲ್, ದೇಸಾಯಿ ಇದ್ದಾರೆ, ಕರಾವಳಿಯಲ್ಲಿ ಶೆಟ್ಟಿ, ಪೈ, ಭಟ್ ಇದ್ದಾರೆ. ಅವರು ಬಚಾವ್. ನಮ್ಮ ಹಳೇ ಮೈಸೂರು, ಮಧ್ಯ ಕರ್ನಾಟಕದಲ್ಲಿ ಊರಿನ ಹೆಸರು, ಅಪ್ಪನ ಹೆಸರು, ಆಮೇಲೆ ನಮ್ಮ ಹೆಸರು. ಕುವೆಂಪು ಅವರನ್ನೇ ತಗೊಳ್ಳಿ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ. ಇದರಲ್ಲಿ ಸರ್‌ನೇಮ್ ಯಾವುದು? ಕುಪ್ಪಳ್ಳಿ ಅಂದ್ರೆ ಊರು, ವೆಂಕಟಪ್ಪ ಅಂದ್ರೆ ತಂದೆ. ವಿಮಾನದ ಕೌಂಟರಿನವರು ರಾಷ್ಟ್ರಕವಿಯನ್ನೂ 'ಮಿಸ್ಟರ್ ಕುಪ್ಪಳ್ಳಿ, ದಿಸ್ ವೇ ಪ್ಲೀಸ್' ಅಂತಿದ್ದರು.

ನಾನು ಇಂಜಿನಿಯರಿಂಗ್ ಓದಿದವನು, ಓದಿದ್ದು ಉಪಯೋಗಕ್ಕೆ ಬರೋದು ಇಂಥಲ್ಲೇ. ಪಾಸ್‌ಪೋರ್ಟ್‌ನ ಫೋಟೋ ಪುಟದ ಕೆಳಗೆ ಎರಡು ಸಾಲು ಇರುತ್ತೆ ನೋಡಿ, ಬಾಣದ ಗುರುತುಗಳು ತುಂಬಿರೋದು. ಒಂದೊಂದು ಸಾಲಿನಲ್ಲೂ 44 ಅಕ್ಷರ. ಅದು ಮನುಷ್ಯರಿಗಲ್ಲ, ಯಂತ್ರಕ್ಕೆ. ಇಡೀ ಜಗತ್ತಿಗೆ ಒಂದೇ ನಮೂನೆ: ಮೊದಲು ಸರ್‌ನೇಮ್, ಆಮೇಲೆ ಎರಡು ಬಾಣ, ಆಮೇಲೆ ನಿಮ್ಮ ಹೆಸರು. ಒಂದೇ ಹೆಸರಿದ್ದರೆ ನಮೂನೆ ಏನೋ ಒಪ್ಪುತ್ತೆ. ಆದರೆ ಒಂದೊಂದು ದೇಶದ, ಒಂದೊಂದು ಏರ್‌ಲೈನ್‌ನ ಸಾಫ್ಟ್‌ವೇರ್ ಒಂದೊಂದು ಥರ ವರ್ತಿಸುತ್ತೆ. ಅಮೆರಿಕ ವೀಸಾದಲ್ಲಿ ನಿಮ್ಮ ಒಂದೇ ಹೆಸರನ್ನು ಸರ್‌ನೇಮ್ ಜಾಗಕ್ಕೆ ತಳ್ಳಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬರೀತಾರೆ. ಫಸ್ಟ್ ನೇಮ್ ಅನ್‌ನೋನ್! ಅಪ್ಪ ಅಮ್ಮ ನಾಮಕರಣ ಮಾಡಿ ತೊಟ್ಟಿಲಲ್ಲಿ ಮೂರು ಸಲ ಕೂಗಿದ ಹೆಸರು, ಅಲ್ಲಿ ಅನ್‌ನೋನ್.

ಹಾಗಾಗಿ ಮಕ್ಕಳಿಗೆ ಹೊಸದಾಗಿ ಪಾಸ್‌ಪೋರ್ಟ್ ಮಾಡಿಸುವವರು ದಯವಿಟ್ಟು ಆ ಸರ್‌ನೇಮ್ ಜಾಗ ಖಾಲಿ ಬಿಡಬೇಡಿ. ಇನಿಷಿಯಲ್ ನಡೆಯಲ್ಲ, ಬಿಡಿಸಿ ಬರೆಯಬೇಕು. ಮಗನಿಗೆ ಊರಿನ ಹೆಸರು, ಮಗಳಿಗೆ ಅಪ್ಪನ ಹೆಸರು ಅಂತಲೂ ಮಾಡಬೇಡಿ, ಇಮಿಗ್ರೇಷನ್‌ನಲ್ಲಿ ಇವರು ನಿಮ್ಮ ಮಕ್ಕಳೇನಾ ಅಂತ ಕೇಳೋ ಪ್ರಸಂಗ ಯಾಕೆ? ಈಗಾಗಲೇ ಖಾಲಿ ಇದ್ದರೆ ರೀಇಶ್ಯೂಗೆ ಅರ್ಜಿ ಹಾಕಿ. ಅದಕ್ಕೆ ಮೊದಲು ಆಧಾರ್ ಸರಿ ಮಾಡಿಸಿ, ಎರಡರಲ್ಲೂ ಹೆಸರು ಒಂದೇ ಥರ ಇರಲಿ. ಬೆಂಗಳೂರಿಗೇ ಬರಬೇಕಾಗಿಲ್ಲ, ಜಿಲ್ಲೆಗಳಲ್ಲಿ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರಗಳಿವೆ. ಟಿಕೆಟ್ ತೆಗೆದ ಮೇಲೆ ಹೋಗಬೇಡಿ, ಮೊದಲೇ ಹೋಗಿ.

ನಮ್ಮನೆಯಲ್ಲಿ ಈ ಕೆಲಸಕ್ಕೆ ಆರು ತಿಂಗಳು ಹಿಡೀತು. ಕಚೇರಿಯಿಂದಲ್ಲ, ಅಮ್ಮನಿಂದ. 'ನನ್ನ ಹೆಸರಿನ ಜೊತೆಗೆ ಯಾರ ಹೆಸರು ಹಾಕ್ತೀಯೋ? ನಮ್ಮಪ್ಪನದ್ದಾ, ನಿಮ್ಮಪ್ಪನದ್ದಾ?' ಅಂತ ಕೇಳಿದಳು. ನಾನು ಸಹಜವಾಗಿ ಅಪ್ಪನ ಹೆಸರು ಅಂದೆ. ಅಮ್ಮ ಸುಮ್ಮನಾದಳು. ಅರ್ಜಿ ಮುಂದಕ್ಕೆ ಹೋಗಲಿಲ್ಲ. ಇವತ್ತು ಬೇಡ, ನಾಳೆ ನೋಡೋಣ, ಅಮಾವಾಸ್ಯೆ ಕಳೀಲಿ.

ಆ ಮಧ್ಯೆ 2023ರ ಮೇ ತಿಂಗಳಲ್ಲಿ ನಾವು ನೇಪಾಳಕ್ಕೆ ಹೋಗಿಬಂದೆವು. ಇದನ್ನು ಪಾಸ್‌ಪೋರ್ಟ್ ಇಲ್ಲದ ಹಿರಿಯರ ಮನೆಯವರೆಲ್ಲ ಬರೆದಿಟ್ಟುಕೊಳ್ಳಿ. ವಿಮಾನದಲ್ಲಿ ನೇಪಾಳಕ್ಕೆ ಹೋಗಲು ಭಾರತೀಯರಿಗೆ ವೀಸಾ ಬೇಡ, ಚುನಾವಣಾ ಆಯೋಗದ ವೋಟರ್ ಐಡಿ ಇದ್ದರೆ ಪಾಸ್‌ಪೋರ್ಟೂ ಬೇಡ. ಆಧಾರ್ ನಡೆಯಲ್ಲ, ಬಹಳ ಜನ ಇಲ್ಲೇ ಎಡವುತ್ತಾರೆ. 65 ದಾಟಿದವರಿಗೆ, 15ರ ಒಳಗಿನ ಮಕ್ಕಳಿಗೆ ಮಾತ್ರ ವಿನಾಯಿತಿ. ಅಮ್ಮನಿಗೆ 62, ವೋಟರ್ ಐಡಿಯಲ್ಲೇ ಹೋದಳು. ಟಿಕೆಟ್ ಬುಕ್ ಮಾಡುವಾಗ ಆ ವೆಬ್‌ಸೈಟ್ ಲಾಸ್ಟ್ ನೇಮ್ ಕೊಡದೆ ಮುಂದೆ ಬಿಡಲಿಲ್ಲ. ಕಸ್ಟಮರ್ ಕೇರ್‌ನವರು ಅದೇ ಹೆಸರನ್ನು ಎರಡು ಸಲ ಹಾಕಿ ಅಂದ್ರು. ಬೋರ್ಡಿಂಗ್ ಪಾಸ್‌ನಲ್ಲಿ ಜಯಮ್ಮ ಜಯಮ್ಮ. ಅಮ್ಮ ಅದನ್ನು ಇವತ್ತಿಗೂ ದೇವರ ಕೋಣೆಯಲ್ಲಿ ಇಟ್ಟಿದ್ದಾಳೆ.

ಭಾರತದ ಒಂದು ರೂಪಾಯಿಗೆ ಅಲ್ಲಿ 1.60. ಈ ದರ ಏರುಪೇರಾಗಲ್ಲ, ಅಂಗಡಿಯವರು ಬೇರೆ ಲೆಕ್ಕ ಹೇಳಿದ್ರೆ ಒಪ್ಪಬೇಡಿ. ಪಶುಪತಿನಾಥ ದೇವಸ್ಥಾನದಲ್ಲಿ ಗರ್ಭಗುಡಿಯ ಪೂಜೆ ಮಾಡುವ ಭಟ್ಟರು ನಮ್ಮ ಕಡೆಯವರು, ಕರ್ನಾಟಕದಿಂದ ಹೋದವರು ಅಂತ ಅಮ್ಮನಿಗೆ ಹೇಳಿದೆ. ಅವಳು ನನ್ನ ಮಾತು ನಂಬದೆ, ಕೈ ಮುಗಿದು ನಿಂತಲ್ಲೇ ಕನ್ನಡದಲ್ಲಿ ಗಟ್ಟಿಯಾಗಿ 'ಸ್ವಾಮಿ, ಒಂದು ಹೂವು ಕೊಡಿ' ಅಂತ ಕೇಳಿದಳು. ಹೂವು ಬಂತು. ಭಟ್ಟರಿಗೆ ಕನ್ನಡ ಅರ್ಥವಾಗಿ ಕೊಟ್ಟರೋ, ಕೈ ಚಾಚಿದ್ದಕ್ಕೆ ಕೊಟ್ಟರೋ, ಅಮ್ಮನ ಎದುರು ಆ ಪ್ರಶ್ನೆ ಎತ್ತುವ ಧೈರ್ಯ ನನಗಿಲ್ಲ.

ಇನ್ನು ಬ್ಯಾಗಿನ ವಿಷಯ. ದುಬೈ ತಪ್ಪಿಸಿಕೊಂಡು ವಾಪಸ್ ಬಂದ ದಿನ ಅಮ್ಮ ಸೂಟ್‌ಕೇಸ್ ಬಿಚ್ಚಿದಳು. ಚಟ್ನಿಪುಡಿ, ನಿಪ್ಪಟ್ಟು, ರಾಗಿಹಿಟ್ಟು, ತಿಪಟೂರು ಕೊಬ್ಬರಿ ಎರಡು ಗಿಟುಕು. ಅಡಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಕಾಲು ಕೆಜಿ ಗಸಗಸೆ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಗಸಗಸೆ ಪಾಯಸ!

ನನಗೆ ಕೈಕಾಲು ತಣ್ಣಗಾಯ್ತು. ನಮಗೆ ಗಸಗಸೆ ಅಂದ್ರೆ ಪಾಯಸ, ಮಧ್ಯಾಹ್ನದ ನಿದ್ದೆ. ಯುಎಇ ಕಾನೂನಿನಲ್ಲಿ ಅದು ಅಫೀಮು ಗಿಡದ ಬೀಜ, ನಿಷೇಧಿತ ವಸ್ತು. ಗೊತ್ತಿಲ್ಲದೆ ತಗೊಂಡು ಹೋಗಿ ಜೈಲು ಕಂಡವರಿದ್ದಾರೆ. ಸಿಂಗಾಪುರದಲ್ಲೂ ನಿಷೇಧ. ಅಡುಗೆಗೆ ತಂದಿದ್ದು ಅಂದ್ರೆ ಅಲ್ಲಿ ಕೇಳೋರಿಲ್ಲ. ಆವತ್ತು ಸರ್‌ನೇಮ್ ಖಾಲಿ ಇದ್ದಿದ್ದೇ ಅಮ್ಮನನ್ನು ಉಳಿಸಿತೋ ಏನೋ, ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬ್ಯಾಗ್ ತುಂಬಿಸುವಾಗ ನಾನು ಪಕ್ಕದಲ್ಲೇ ಮೊಬೈಲ್ ನೋಡ್ತಾ ಕೂತಿದ್ದೆ.

ಹಾಗಾಗಿ ಗಲ್ಫ್‌ಗೆ, ಸಿಂಗಾಪುರಕ್ಕೆ ಮಕ್ಕಳ ಮನೆಗೆ, ಬಾಣಂತನಕ್ಕೆ ಹೊರಟ ತಾಯಂದಿರ ಬ್ಯಾಗನ್ನು ಹೊರಡುವ ಮುಂಚೆ ಒಮ್ಮೆ ನೀವೇ ಬಿಚ್ಚಿ ನೋಡಿ. ಗಸಗಸೆ ಹಾಕಿ ಮಾಡಿದ ಮಸಾಲೆಪುಡಿಯೂ ಬೇಡ. ಕೋಡೀನ್ ಇರುವ ಕೆಮ್ಮಿನ ಔಷಧಿ, ಟ್ರಾಮಡಾಲ್ ಇರುವ ನೋವಿನ ಮಾತ್ರೆ ಇದ್ದರೆ ಯುಎಇಗೆ ಮೊದಲೇ ಅನುಮತಿ ಬೇಕು. ಬಿಪಿ, ಶುಗರ್ ಮಾತ್ರೆಗೂ ಡಾಕ್ಟರ್ ಚೀಟಿ ಇಟ್ಟುಕೊಳ್ಳಿ. ಒಣಕೊಬ್ಬರಿಯಲ್ಲಿ ಎಣ್ಣೆ ಅಂಶ ಜಾಸ್ತಿ, ಬೆಂಕಿ ಹತ್ತುವ ವಸ್ತು ಅಂತ ಚೆಕ್-ಇನ್ ಬ್ಯಾಗಿನಲ್ಲಿ ಬಿಡಲ್ಲ. ಪವರ್ ಬ್ಯಾಂಕ್ ಕೈಯಲ್ಲೇ ಇರಬೇಕು, ಚೆಕ್-ಇನ್‌ಗೆ ಹಾಕುವ ಹಾಗಿಲ್ಲ. ಮಿತಿ 100 ವ್ಯಾಟ್-ಅವರ್. 20,000 ಎಂಎಎಚ್‌ನದ್ದಾದರೆ ಸುಮಾರು 74, ತೊಂದರೆ ಇಲ್ಲ.

ಉಳಿದಿದ್ದು ಬೇಗ ಹೇಳಿಬಿಡ್ತೀನಿ. ವಾಪಸ್ ಬರುವ ದಿನದಿಂದ ಆರು ತಿಂಗಳಾದರೂ ಪಾಸ್‌ಪೋರ್ಟ್ ಅವಧಿ ಬಾಕಿ ಇರಲಿ. ಥಾಯ್ಲೆಂಡ್‌ಗೆ 2025ರ ಮೇ 1ರಿಂದ ಆನ್‌ಲೈನ್ ಆಗಮನ ಕಾರ್ಡ್ ತುಂಬಬೇಕು. ಅದು ಪೂರ್ತಿ ಉಚಿತ, ದುಡ್ಡು ಕೇಳುವ ವೆಬ್‌ಸೈಟ್ ಸಿಕ್ಕರೆ ಅದು ಸರ್ಕಾರದ್ದಲ್ಲ. ವಿಯೆಟ್ನಾಂ ಇ-ವೀಸಾದಲ್ಲಿ ಹೆಸರಿನ ಒಂದು ಅಕ್ಷರ ಆಚೀಚೆ ಆದರೂ ಕಷ್ಟ, ಏಜೆಂಟ್ ತುಂಬಿದ್ದನ್ನು ಕಣ್ಣಿಟ್ಟು ಓದಿ. ವಿದೇಶದ ಅಂಗಡಿಯಲ್ಲಿ ಕಾರ್ಡ್ ಉಜ್ಜಿದಾಗ ಯಂತ್ರ 'ರೂಪಾಯಿಯಲ್ಲಿ ಕಟ್ತೀರಾ?' ಅಂತ ಕೇಳುತ್ತೆ. ನಮ್ಮ ರೂಪಾಯಿ ಅಂತ ಖುಷಿಯಾಗಿ ಹೂಂ ಅನ್ನಬೇಡಿ, ಅಲ್ಲಿನ ದರದಲ್ಲಿ ಅವರ ಲಾಭ ಸೇರಿರುತ್ತೆ. ಆ ದೇಶದ ದುಡ್ಡಿನಲ್ಲೇ ಕಟ್ಟಿ. ಪ್ಯಾಕೇಜ್ ಟೂರ್‌ನವರು ಟಿಸಿಎಸ್ ಅಂತ ಹಿಡಿದ ಹಣ ನಿಮ್ಮ ಪ್ಯಾನ್ ಲೆಕ್ಕಕ್ಕೆ ಜಮೆಯಾಗಿರುತ್ತೆ, ರಿಟರ್ನ್ಸ್ ಹಾಕುವಾಗ ಮರೆಯದೆ ತೋರಿಸಿ. ಇಲ್ಲೇ ದೇಶದೊಳಗೆ ಸುತ್ತುವವರಿಗೆ ರೈಲು ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತೆ, ಹಿಂದಿನಂತೆ 120 ಅಲ್ಲ. ಮತ್ತೆ ಮೇ ತಿಂಗಳಲ್ಲಿ ಮಧ್ಯಾಹ್ನ ಹಂಪಿಯ ಬಂಡೆ ಮೇಲೆ ಚಿಕ್ಕ ಮಕ್ಕಳನ್ನು ನಡೆಸಬೇಡಿ. ವಿರೂಪಾಕ್ಷ ಎಲ್ಲೂ ಹೋಗಲ್ಲ, ಡಿಸೆಂಬರ್‌ನಲ್ಲೂ ಅಲ್ಲೇ ಇರ್ತಾನೆ.

ಅಮ್ಮನ ಅರ್ಜಿ ಏನಾಯ್ತು ಅಂತ ಹೇಳಲಿಲ್ಲ ಅಲ್ವಾ? ನೇಪಾಳದಿಂದ ಬಂದ ವಾರಕ್ಕೆ ಅವಳೇ ಫೋನ್ ಮಾಡಿದಳು. 'ನಮ್ಮಪ್ಪನ ಹೆಸರೇ ಹಾಕು. ನಿಮ್ಮಪ್ಪ ಹೆಂಗೂ ತೋಟ ಬಿಟ್ಟು ಬರಲ್ಲ.' ಅಪ್ಪ ಪಕ್ಕದಲ್ಲೇ ಇದ್ದರು, ನಕ್ಕಿದ್ದು ಕೇಳಿಸ್ತು. ಹೊಸ ಪಾಸ್‌ಪೋರ್ಟ್ ಬಂತು: ಸರ್‌ನೇಮ್ ಬಸಪ್ಪ, ಗಿವನ್ ನೇಮ್ ಜಯಮ್ಮ. ಆ ನವೆಂಬರ್‌ನಲ್ಲಿ ಮಗುವಿನ ಎರಡನೇ ಹುಟ್ಟುಹಬ್ಬಕ್ಕೆ ಹೋದೆವು. ದುಬೈ ಇಮಿಗ್ರೇಷನ್‌ನಲ್ಲಿ ಅಧಿಕಾರಿ ಪಾಸ್‌ಪೋರ್ಟ್ ನೋಡಿ 'ಬಸಪ್ಪಾ?' ಅಂತ ಕರೆದ. ಅಮ್ಮ ಒಂದು ಕ್ಷಣ ಹಿಂದೆ ತಿರುಗಿ ನೋಡಿದಳು. ದಾವಣಗೆರೆ ಆಚೆ ಕಾಲಿಡದ ನಮ್ಮ ತಾತನ ಹೆಸರು ಅದು.

ಪಾಯಸ ಆಯ್ತು, ಶಾವಿಗೆದು.

ಈಗ ಬ್ರೇಕ್ ಬರುತ್ತೆ. ಜಾಹೀರಾತು ನೋಡೋದು ಇದ್ದೇ ಇದೆ, ಎದ್ದು ಹೋಗಿ ಬೀರು ತೆಗೀರಿ. ಮನೆಯವರೆಲ್ಲರ ಪಾಸ್‌ಪೋರ್ಟ್, ಫೋಟೋ ಇರುವ ಪುಟ, ಸರ್‌ನೇಮ್ ಸಾಲು, ಮುಗಿಯುವ ತಾರೀಖು. ಕನ್ನಡಕ ಹಾಕಿಕೊಂಡೇ ನೋಡಿ.